ಅಪ್‌ಡೇಟ್: ಬರವಣಿಗೆ ಕ್ಲಾಸಿಗೆ ಸೇರಿದೆ

ಊರು, ಜಾಗ, ವಾತಾವರಣ ಬರೆಯುವುದನ್ನೂ ಪ್ರಬಂಧ ಸಂಕಲನ ಜೋಡಿಸುವುದನ್ನೂ ಕಲಿಸುವ ಆನ್‌ಲೈನ್ ಕ್ಲಾಸಿಗೆ ರಾಯಚೂರಿನಿಂದಲೇ ಸೇರಲಾ ಎಂದು ಕೇಳಿದ್ದೆ. ಸೇರಿದೆ. 8 ವಾರ ಮುಗಿಯಿತು.

ಮೊದಲ ಪ್ರಬಂಧದಲ್ಲಿ ಸುಮ್ನೆ ‘ನಮ್ಮೂರಲ್ಲಿ ಬಿಸಿಲು ಜಾಸ್ತಿ’ ಎಂದು ಬರೆದಿದ್ದೆ. ಆ ಬಿಸಿಲು ಯಾರಿಗೆ ಏನು ಮಾಡುತ್ತದೆ ಎಂದು ಮೇಡಂ ಕೇಳಿದರು. ಮರುದಿನ ಮಧ್ಯಾಹ್ನ ಎಪಿಎಂಸಿಗೆ ಹೋಗಿ ಕೂತೆ. ಭತ್ತದ ಲಾರಿಯ ನೆರಳಲ್ಲಿ ಹಮಾಲರು ಮಲಗಿದ್ದರು. ನೆರಳು ಸರಿದಂತೆ ನಿದ್ದೆಗಣ್ಣಲ್ಲೇ ತಾವೂ ಸರಿಯುತ್ತಿದ್ದರು. ಅದನ್ನೇ ಬರೆದೆ. ಬಿಸಿಲು ಎಂಬ ಪದವೇ ಬೇಕಾಗಲಿಲ್ಲ!

ಸಂಕಲನದ ಪಾಠ ಇನ್ನೂ ಕಷ್ಟ. 11 ಪ್ರಬಂಧಗಳನ್ನು ಬರೆದ ದಿನಾಂಕದಂತೆ ಇಟ್ಟಿದ್ದೆ. ನಮ್ಮದು ಎರಡು ನದಿಗಳ ನಡುವಿನ ನಾಡು ಅಲ್ವಾ? ಈಗ ಕೃಷ್ಣೆಯ ದಡದಲ್ಲಿ ಶುರುವಾಗಿ ತುಂಗಭದ್ರೆಯ ದಡದಲ್ಲಿ ಮುಗಿಯುವಂತೆ ಜೋಡಿಸುತ್ತಿದ್ದೇನೆ. ಎರಡು ಪ್ರಬಂಧ ಎಲ್ಲೂ ಕೂರುತ್ತಿಲ್ಲ, ತೆಗೆಯಬೇಕು.

ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.