ಸಹಾಯ ಬೇಕು: ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿ, ಆದರೆ ಸ್ಪೈರೋಮೆಟ್ರಿ ನಾರ್ಮಲ್

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಅಸ್ತಮಾ ಇದೆ. ಈ ಸಲ ಡಾಕ್ಟರು ಫೀನೋ ಟೆಸ್ಟ್, ಅಂದರೆ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲ ಎಷ್ಟಿದೆ ಅಂತ ಅಳೆಯುವ ಟೆಸ್ಟ್ ಮಾಡಿಸಿದರು. ಸುಮಾರು 10 ಸೆಕೆಂಡು ಒಂದೇ ಸಮನೆ ಊದಬೇಕು, ಜೋರಾಗಿ ಊದಿದರೆ ಮಷೀನ್ ಒಪ್ಪುವುದೇ ಇಲ್ಲ. 62 ಪಿಪಿಬಿ (ನೂರು ಕೋಟಿ ಭಾಗದಲ್ಲಿ 62 ಭಾಗ) ಬಂದಿದೆ. ದೊಡ್ಡವರಿಗೆ 25ರ ಒಳಗಿದ್ದರೆ ಕಡಿಮೆ, 50 ದಾಟಿದರೆ ಜಾಸ್ತಿ ಅಂತ ಲೆಕ್ಕ. ಆದರೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಗಾಳಿಯ ಓಟ ನೋಡುವ ಟೆಸ್ಟ್) ಪೂರ್ತಿ ನಾರ್ಮಲ್!

ನಾನು ಓದಿ ತಿಳಿದುಕೊಂಡದ್ದು ಇಷ್ಟು. ಶ್ವಾಸನಾಳದಲ್ಲಿ ಅಲರ್ಜಿ ತರಹದ ಉರಿಯೂತ ಇದ್ದಾಗ ಐಎಲ್-13 ಅನ್ನುವ ಪ್ರೋಟೀನ್ ಒಳಪದರದ ಜೀವಕೋಶಗಳನ್ನು ಕೆಣಕುತ್ತದೆ, ಆಗ ಅವು ಐನಾಸ್ ಅನ್ನುವ ಕಿಣ್ವದ ಮೂಲಕ ಈ ಅನಿಲವನ್ನು ಸಿಕ್ಕಾಪಟ್ಟೆ ತಯಾರಿಸುತ್ತವೆ, ಅದೇ ಉಸಿರಲ್ಲಿ ಹೊರಗೆ ಬರುತ್ತದೆ. ಅಂದರೆ ಫೀನೋ ಅಳೆಯುವುದು ಉರಿಯೂತದ ಸುಳಿವನ್ನು, ಸ್ಪೈರೋಮೆಟ್ರಿ ಅಳೆಯುವುದು ಗಾಳಿಯ ಓಟವನ್ನು. ಎರಡೂ ಬೇರೆ ಬೇರೆ, ಅಲ್ವಾ? ತಮಾಷೆ ಅಂದ್ರೆ ಇದೇ ಅನಿಲ ರಕ್ತನಾಳವನ್ನು ಸಡಿಲ ಮಾಡುತ್ತದೆ, ಆ ಸಂಶೋಧನೆಗೆ 1998ರಲ್ಲಿ ನೊಬೆಲ್ ಕೂಡ ಬಂತು.

ಈಗ ನನ್ನ ಪ್ರಶ್ನೆ. ಟೆಸ್ಟಿಗೆ ಮೊದಲು ಅವನು ಬೀಟ್‌ರೂಟ್, ಪಾಲಕ್ ತಿಂದಿದ್ದ. ನೈಟ್ರೇಟ್ ಇರುವ ತರಕಾರಿಯಿಂದ ಅಂಕಿ ಏರುತ್ತದೆ ಅಂತಾರೆ, ಹಾಗಾದರೆ ಮತ್ತೆ ಮಾಡಿಸಬೇಕಾ? ಮೂಗಿನ ಅಲರ್ಜಿಯೂ ಇದೆ, ಅದರಿಂದಲೂ ಏರುತ್ತದಂತೆ. ಸ್ಟೀರಾಯ್ಡ್ ಇನ್‌ಹೇಲರ್ ಸರಿಯಾಗಿ ತೆಗೆದುಕೊಂಡ ಮೇಲೆ ನಿಮಗೆ ಎಷ್ಟು ವಾರದಲ್ಲಿ ಇಳಿಯಿತು? ಅವನು ಡೋಸ್ ತಪ್ಪಿಸುತ್ತಾನೆ ಅಂತ ನನಗೆ ಅನುಮಾನ, ಕೇಳಿದರೆ ಜಗಳ.

ಇನ್‌ಹೇಲರ್ ಬಿಡಿಸಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ. ಮುಂದಿನ ಸಲ ಡಾಕ್ಟರನ್ನು ಏನೇನು ಕೇಳಬೇಕು ಅಂತ ಗೊತ್ತಿದ್ದವರು ಹೇಳಿ.