ಹೆಪ್ಪುಗಟ್ಟಿದ ಕಡಲಿನ ಅಡಿಯಿಂದ ನೀರಿನ ಮಾದರಿ ತೆಗೆಯುವುದು ಹೇಗೆ?

ಪ್ರಶ್ನೆ (ಬೀದರ್):
ನೌಬಾದಿನ ಸುರಂಗ ಬಾವಿಯ (ನೆಲದಡಿಯ ನೀರಿನ ಕಾಲುವೆಯ) ಕಿಂಡಿಗಳಲ್ಲಿ ಹಗ್ಗ ಕಟ್ಟಿದ ಬಾಟಲಿ ಇಳಿಸಿ ನೀರಿನ ಮಾದರಿ ತೆಗೆದು ನನಗೆ ರೂಢಿಯಿದೆ. ಅಲ್ಲಿ ಮೇಲ್ಪದರದ ನೀರು ಸಿಕ್ಕರೆ ಸಾಕು. ಆದರೆ ಭಾರತದ ಸಂಶೋಧನಾ ಕೇಂದ್ರ ‘ಭಾರತಿ’ ಇರುವಂತಹ ಅಂಟಾರ್ಕ್ಟಿಕಾ ಕರಾವಳಿಯಲ್ಲಿ ಕಡಲ ಮಂಜುಗಡ್ಡೆಯನ್ನು ಕೊರೆದು, 50 ಮೀಟರ್ ಆಳದ ನೀರನ್ನು ಮೇಲಿನ ನೀರು ಬೆರೆಯದಂತೆ ತರುವುದು ಹೇಗೆ?

ಉತ್ತರ (ಕಲಬುರಗಿ):
ಅದಕ್ಕೆ ನಿಸ್ಕಿನ್ ಬಾಟಲಿ ಬಳಸುತ್ತಾರೆ. ಅದು ಎರಡೂ ತುದಿ ತೆರೆದ ಕೊಳವೆ. ಇಳಿಯುವಾಗ ನೀರು ಅದರೊಳಗೆ ಹಾದುಹೋಗುತ್ತಿರುತ್ತದೆ. ಬೇಕಾದ ಆಳ ತಲುಪಿದ ಮೇಲೆ ಮೆಸೆಂಜರ್ ಎಂಬ ಲೋಹದ ತೂಕವನ್ನು ತಂತಿಯ ಗುಂಟ ಜಾರಿಬಿಟ್ಟರೆ, ಅದು ಬಡಿದು ಎರಡೂ ಮುಚ್ಚಳಗಳು ಮುಚ್ಚಿಕೊಳ್ಳುತ್ತವೆ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಆಳದಲ್ಲಿಲ್ಲ, ಮೇಲಿನ ಗಾಳಿಯಲ್ಲಿದೆ. ಕಡಲ ನೀರು ಸುಮಾರು ಮೈನಸ್ 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಮಂಜಿನಡಿಯ ನೀರು ಹೆಚ್ಚುಕಡಿಮೆ ಅದೇ ಉಷ್ಣಾಂಶದಲ್ಲಿರುತ್ತದೆ. ಹಾಗಾಗಿ ಮೈನಸ್ 20ರ ಗಾಳಿಗೆ ಎತ್ತಿದ ಕೂಡಲೇ ಬಾಟಲಿಯ ಗೋಡೆಗೆ ಹರಳು ಕಟ್ಟತೊಡಗುತ್ತದೆ. ಹರಳು ಉಪ್ಪನ್ನು ಹೊರಗೆ ತಳ್ಳುವುದರಿಂದ ಉಳಿದ ನೀರು ಇನ್ನಷ್ಟು ಉಪ್ಪಾಗುತ್ತದೆ. ಆ ನೀರನ್ನಷ್ಟೇ ಬಗ್ಗಿಸಿ ಅಳೆದರೆ ಸಿಗುವ ಲವಣಾಂಶ ಕಡಲಿನದ್ದಲ್ಲ. ಆದ್ದರಿಂದ ರಂಧ್ರದ ಮೇಲೆ ಗುಡಾರ ಹಾಕಿ ಒಳಗೆ ಬೆಚ್ಚಗಿಡುತ್ತಾರೆ. ಮೇ ತಿಂಗಳ ಕಲಬುರಗಿಯಲ್ಲಿ ಮಾದರಿ ಕಾಯದಿರಲೆಂದು ನಾವು ಐಸ್ ತುಂಬುವ ಥರ್ಮೋಕೋಲ್ ಪೆಟ್ಟಿಗೆಯೇ ಅಲ್ಲಿ ಮಾದರಿ ಹೆಪ್ಪುಗಟ್ಟದಿರಲೆಂದು ಬೇಕಾಗುತ್ತದೆ.

ಉತ್ತರ (ಯಾದಗಿರಿ):
ಆಳವನ್ನು ಎಲ್ಲಿಂದ ಅಳೆಯಬೇಕೆಂಬುದನ್ನೂ ಸೇರಿಸುತ್ತೇನೆ. ತೇಲುವ ಮಂಜಿನ ಸುಮಾರು ಹತ್ತನೇ ಒಂದು ಭಾಗ ಮಾತ್ರ ನೀರಿನ ಮೇಲಿರುತ್ತದೆ. ಒಂದೂವರೆ ಮೀಟರ್ ದಪ್ಪವಿದ್ದು ಮೇಲೆ ಹಿಮದ ಭಾರವಿಲ್ಲದಿದ್ದರೆ, ರಂಧ್ರದಲ್ಲಿ ನೀರು ಅಂಚಿಗಿಂತ ಸುಮಾರು 15 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ಹಗ್ಗದ ಗುರುತನ್ನು ಆ ನೀರಿನ ಮಟ್ಟದಿಂದಲೇ ಎಣಿಸಬೇಕು.

ಬೀದರ್:
ಕೊರೆದಾಗ ಏಳುವ ಮಂಜಿನ ಪುಡಿ ಬಾಟಲಿಯೊಳಗೆ ಸೇರುವುದಿಲ್ಲವೇ?

ಕಲಬುರಗಿ:
ಸೇರಬಹುದು. ಕಡಲ ಮಂಜಿನಲ್ಲಿ ಕಡಲ ನೀರಿಗಿಂತ ಬಹಳ ಕಡಿಮೆ ಉಪ್ಪಿರುವುದರಿಂದ ಪುಡಿ ಕರಗಿದರೆ ಮೇಲ್ಪದರದ ಮಾದರಿ ಸಪ್ಪೆಯಾಗುತ್ತದೆ. ಜಾಲರಿ ಸೌಟಿನಿಂದ ಅದನ್ನು ಪೂರ್ತಿ ತೆಗೆದು, ಕಲಕಿದ ನೀರು ತಿಳಿಯಾಗುವವರೆಗೆ ಕಾಯಬೇಕು. ಬಾಟಲಿಯನ್ನೂ ಆಳದಲ್ಲಿ ಕೆಲ ನಿಮಿಷ ತೆರೆದೇ ಬಿಟ್ಟು, ಒಳಗೆ ಅಲ್ಲಿಯದೇ ನೀರು ತುಂಬಿದ ಮೇಲೆ ತೂಕ ಬಿಡಬೇಕು. ಮೇಲೆ ತಂದೊಡನೆ ಮೊದಲು ಕರಗಿದ ಆಮ್ಲಜನಕದ ಮಾದರಿಯನ್ನು ಗುಳ್ಳೆಯೇಳದಂತೆ ರಬ್ಬರ್ ನಳಿಗೆಯಿಂದ ತುಂಬಿಸಿಕೊಳ್ಳುತ್ತಾರೆ. ಲವಣಾಂಶದ ಬಾಟಲಿಯ ಸರದಿ ಕೊನೆಗೆ ಬರುತ್ತದೆ.