ಈಮ್ಯಾಕ್ಸ್‌ನಲ್ಲಿ ‘ಎಂ-ಎಕ್ಸ್’ ಅಂದರೆ ಯಾವ ಕೀ?

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅಕ್ಕನ ಮಗ ಈಮ್ಯಾಕ್ಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ‘ಎಂ-ಎಕ್ಸ್ ಒತ್ತಿ’ ಅನ್ನುತ್ತದೆ. ಎಂ ಒತ್ತಿದರೆ ಎಂ ಅಕ್ಷರವೇ ಬೀಳುತ್ತದೆ! ಕಂಟ್ರೋಲ್-ವಿ ಒತ್ತಿದರೆ ಪೇಸ್ಟ್ ಆಗಲ್ಲ, ಪುಟ ಕೆಳಗೆ ಓಡುತ್ತದೆ. ಬಾಂಡ್ ಪೇಪರ್ ಟೈಪ್ ಮಾಡಿಸೋರು ಎದುರಿಗೇ ಕೂತಿರುತ್ತಾರೆ. ಏನ್ ಕಥೆ ಸರ್?

ಉತ್ತರ: ಎಂ ಅಂದರೆ ಮೆಟಾ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹಳೇ ಕೀಬೋರ್ಡ್‌ಗಳಲ್ಲಿ ಆ ಕೀ ಇತ್ತು. ನಮ್ಮದರಲ್ಲಿ ಆಲ್ಟ್ ಹಿಡಿದು ಎಕ್ಸ್ ಒತ್ತಿ. ಇಲ್ಲವೇ ಎಸ್ಕೇಪ್ ಒತ್ತಿ ಬಿಟ್ಟು, ಆಮೇಲೆ ಎಕ್ಸ್. ಈಮ್ಯಾಕ್ಸ್ ಶುರುವಾಗಿದ್ದೇ 1976ರಲ್ಲಿ, ಹೆಸರುಗಳೂ ಆ ಕಾಲದವು. ಕಟ್‌ಗೆ ‘ಕಿಲ್’, ಅದು ಕಂಟ್ರೋಲ್-ಡಬ್ಲ್ಯೂ. ಪೇಸ್ಟ್‌ಗೆ ‘ಯಾಂಕ್’, ಅದು ಕಂಟ್ರೋಲ್-ವೈ.

ಉತ್ತರ, ಚಿತ್ರದುರ್ಗದಿಂದ: ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ವಿಮ್‌ನಲ್ಲಿ ಯಾಂಕ್ ಅಂದರೆ ಕಾಪಿ. ಎರಡನ್ನೂ ಒಟ್ಟಿಗೆ ಕಲಿಯಬೇಡಿ, ಸುಮ್ನೆ ತಲೆ ಕೆಡುತ್ತದೆ. ಅಂಗಡಿ ಕೆಲಸಕ್ಕೆ ಇಷ್ಟು ಸಾಕು: ಆಲ್ಟ್-ಎಕ್ಸ್ ಒತ್ತಿ, ‘ಸಿಯುಎ-ಮೋಡ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಕಟ್, ಕಾಪಿ, ಪೇಸ್ಟ್ ಮಾಮೂಲಿ ಕೀಗಳಿಗೇ ಬರುತ್ತವೆ.

ಕೇಳಿದವರು: ಪೇಸ್ಟ್ ಆಯ್ತು ಸರ್! ಕಂಟ್ರೋಲ್-ಎಸ್‌ಗೆ ಸೇವ್ ಆಗ್ತಿಲ್ಲ, ಏನೋ ಹುಡುಕೋಕೆ ಹೊರಡುತ್ತದೆ.

ಉತ್ತರ: ಏನೂ ಸೆಲೆಕ್ಟ್ ಮಾಡದೆ ಕಂಟ್ರೋಲ್-ಎಕ್ಸ್, ಹಿಂದೆಯೇ ಕಂಟ್ರೋಲ್-ಎಸ್.